ಹೀಟಿಂಗ್ ಬಿಲ್‌ಗೆ ಸಹಾಯ ಬೇಕಾ? ಮೊದಲು ಪೆನ್ಷನ್ ಕಾಗದ ತೆಗೆಯಿರಿ

ಇಂಗ್ಲೆಂಡಿನಲ್ಲಿ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಅಮ್ಮ ಇದ್ದಾರೆ. ವಯಸ್ಸು 72. ಮದುವೆಯಾಗಿ 1974ರಲ್ಲಿ ಮೈಸೂರಿನಿಂದ ಬಂದವರು. ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಮಂಡಿ ಸವೆಸಿದವರು. ಗಂಡ ಇಲ್ಲ, ಒಬ್ಬರೇ ಇರುವುದು. ಹೋದ ವರ್ಷ ಜನವರಿಯಲ್ಲಿ ಒಂದು ಸಂಜೆ ಅವರ ಮನೆಗೆ ಹೋದೆ. ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಗಂಡನ ಹಳೇ ಓವರ್‌ಕೋಟ್ ಹಾಕಿಕೊಂಡು ಅಡುಗೆಮನೆಯಲ್ಲಿ ಕೂತಿದ್ದರು. ಹಾಲ್‌ನಲ್ಲಿ ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ದೇವರ ಗೂಡಿನ ಪಕ್ಕದಲ್ಲಿ ಸ್ಮಾರ್ಟ್ ಮೀಟರ್‌ನ ಪುಟ್ಟ ಪರದೆ ಇತ್ತು. ಕಡಿಮೆ ಖರ್ಚಾದರೆ ಹಸಿರು ದೀಪ, ಜಾಸ್ತಿ ಆದರೆ ಕೆಂಪು ತೋರಿಸುವ ಡಬ್ಬಿ ಅದು. ಅದನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದರು.

"ಹೀಟಿಂಗ್ ಹಾಕ್ಕೊಳ್ಳಿ ಅಮ್ಮ" ಅಂದೆ.

"ಬೇಡಪ್ಪ, ಆ ಕೆಂಪು ದೀಪ ನೋಡಿದ್ರೇನೇ ನಂಗೆ ಬೆವರು ಬರುತ್ತೆ."

ಬೆಂಗಳೂರಿನ ಚಳಿಗೆ ಒಂದು ಕುಲಾವಿ, ಒಂದು ಶಾಲು ಸಾಕು. ಇಲ್ಲಿ ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಕತ್ತಲಾಗುತ್ತದೆ. ಹಳೇ ಇಟ್ಟಿಗೆ ಮನೆಗಳಲ್ಲಿ ಗೋಡೆಯೇ ತಣ್ಣಗೆ ಕೊರೆಯುತ್ತದೆ. ವಯಸ್ಸಾದವರು ಕೂರುವ ಕೋಣೆ ಕನಿಷ್ಠ 18 ಡಿಗ್ರಿ ಬೆಚ್ಚಗಿರಬೇಕು ಅಂತ ಇಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ಚಳಿಗೆ ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಹಾಗಾಗಿ ಹೀಟಿಂಗ್ ಇಲ್ಲಿ ಸುಖಕ್ಕೆ ಹಾಕುವುದಲ್ಲ.

ಸಹಾಯ ಇದೆ, ತಕ್ಕಮಟ್ಟಿಗೆ ಇದೆ. ಆದರೆ ಜನ ಹುಡುಕುವ ಜಾಗವೇ ಬೇರೆ. "ಹೀಟಿಂಗ್ ಬಿಲ್‌ಗೆ ಏನಾದ್ರೂ ಸ್ಕೀಮ್ ಇದೆಯಾ?" ಅಂತ ಕೇಳುತ್ತಾರೆ. ಹೀಟಿಂಗ್ ಹೆಸರಿನ ಸ್ಕೀಮ್‌ಗಳಲ್ಲಿ ಸಿಗುವುದು ಸಣ್ಣ ಮೊತ್ತ. ದೊಡ್ಡ ಮೊತ್ತ ಇರುವುದು ಹೀಟಿಂಗ್ ಅನ್ನುವ ಪದವೇ ಇಲ್ಲದ ಎರಡು ಅರ್ಜಿಗಳಲ್ಲಿ. ಅಲ್ಲಿಗೆ ಬರುತ್ತೇನೆ. ಮೊದಲು ಸಣ್ಣವನ್ನು ಮುಗಿಸೋಣ. ಕೆಳಗಿನ ಲೆಕ್ಕವೆಲ್ಲ 2025–26ರದ್ದು. ಪೆನ್ಷನ್ ಮತ್ತು ಭತ್ಯೆಯ ದರಗಳು ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತವೆ.

ತಾನಾಗಿಯೇ ಬರುವ ಹಣ

ಎಲ್ಲರಿಗೂ ಗೊತ್ತಿರುವುದು ವಿಂಟರ್ ಫ್ಯೂಯೆಲ್ ಪೇಮೆಂಟ್. 1997ರಲ್ಲಿ ಗಾರ್ಡನ್ ಬ್ರೌನ್ ಹಣಕಾಸು ಮಂತ್ರಿಯಾಗಿದ್ದಾಗ ಶುರುವಾದದ್ದು. ಮನೆಯಲ್ಲಿ ಪೆನ್ಷನ್ ವಯಸ್ಸಿನವರಿದ್ದರೆ ವರ್ಷಕ್ಕೆ 200 ಪೌಂಡ್, 80 ದಾಟಿದವರಿದ್ದರೆ 300. 2024ರಲ್ಲಿ ಹಣಕಾಸು ಮಂತ್ರಿಯಾಗಿದ್ದ ರೇಚಲ್ ರೀವ್ಸ್ ಅದನ್ನು ಬಡವರಿಗೆ ಮಾತ್ರ ಎಂದು ಕತ್ತರಿಸಿದರು. ಒಂದು ಕೋಟಿಗೂ ಹೆಚ್ಚು ಜನಕ್ಕೆ ಬರುತ್ತಿದ್ದ ಹಣ ಸುಮಾರು 15 ಲಕ್ಷ ಜನಕ್ಕೆ ಇಳಿಯಿತು. ದೊಡ್ಡ ಗಲಾಟೆಯಾಯಿತು. 2025ರ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿಯಿತು. ಈಗ ಪೆನ್ಷನ್ ವಯಸ್ಸಾದ ಎಲ್ಲರಿಗೂ ಕೊಡುತ್ತಾರೆ, ವರ್ಷಕ್ಕೆ 35,000 ಪೌಂಡ್‌ಗಿಂತ ಜಾಸ್ತಿ ಆದಾಯ ಇದ್ದವರಿಂದ ತೆರಿಗೆಯಲ್ಲಿ ವಾಪಸ್ ಹಿಡಿಯುತ್ತಾರೆ. ಈ 35,000 ಒಬ್ಬೊಬ್ಬರ ಲೆಕ್ಕ, ಮನೆಯ ಲೆಕ್ಕ ಅಲ್ಲ. ಗಂಡನಿಗೆ 40,000 ಇದ್ದು ಹೆಂಡತಿಗೆ 12,000 ಇದ್ದರೆ ಹೆಂಡತಿಯ ಪಾಲು ಅವರಿಗೇ ಉಳಿಯುತ್ತದೆ.

ಇಬ್ಬರೂ 80ರ ಒಳಗಿನ ದಂಪತಿಯಾದರೆ ತಲಾ 100 ಬರುತ್ತದೆ. "ನಂಗೆ ಅರ್ಧ ಮಾತ್ರ ಬಂತು" ಅಂತ ಗಾಬರಿಯಾಗುವವರಿದ್ದಾರೆ. ಉಳಿದರ್ಧ ಪಕ್ಕದಲ್ಲೇ ಕೂತವರ ಖಾತೆಯಲ್ಲಿರುತ್ತದೆ. ಸಾಮಾನ್ಯವಾಗಿ ನವೆಂಬರ್–ಡಿಸೆಂಬರ್‌ನಲ್ಲಿ, ಹೆಚ್ಚಿನವರಿಗೆ ಅರ್ಜಿಯಿಲ್ಲದೆ ಬರುತ್ತದೆ. ಆದ್ದರಿಂದ "ವಿಂಟರ್ ಫ್ಯೂಯೆಲ್‌ಗೆ ಅರ್ಜಿ ಹಾಕಿ, ಈ ಲಿಂಕ್ ಒತ್ತಿ" ಅಂತ ಮೆಸೇಜ್ ಬಂದರೆ ಅದು ಮೋಸ. ಸುಮ್ನೆ ಅಳಿಸಿ ಹಾಕಿ. ಸ್ಕಾಟ್ಲೆಂಡಿನಲ್ಲಿ ಇದನ್ನೇ ಬೇರೆ ಹೆಸರಿನಲ್ಲಿ ಅಲ್ಲಿನ ಸರ್ಕಾರ ಕೊಡುತ್ತದೆ, ಮೊತ್ತ ಮೂರೋ ಐದೋ ಪೌಂಡ್ ಜಾಸ್ತಿ.

ಎರಡನೆಯದು ಕೋಲ್ಡ್ ವೆದರ್ ಪೇಮೆಂಟ್. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ನಿಮ್ಮ ಪೋಸ್ಟ್‌ಕೋಡ್‌ಗೆ ಗೊತ್ತುಮಾಡಿದ ಹವಾಮಾನ ಕೇಂದ್ರದಲ್ಲಿ ಸತತ ಏಳು ದಿನ ಸರಾಸರಿ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇದ್ದರೆ, ಇಲ್ಲವೇ ಇರುತ್ತದೆ ಅಂತ ಮುನ್ಸೂಚನೆ ಇದ್ದರೆ, 25 ಪೌಂಡ್. ಆರು ದಿನ ಕೊರೆದು ಏಳನೇ ದಿನ ಬಿಸಿಲು ಬಂದರೆ ಏನೂ ಇಲ್ಲ! ಸ್ಕಾಟ್ಲೆಂಡಿನವರು ಈ ಲಾಟರಿ ಬೇಡ ಎಂದು ಅದನ್ನು ತೆಗೆದು, ಚಳಿ ಎಷ್ಟೇ ಇರಲಿ ವರ್ಷಕ್ಕೆ ಒಂದು ನಿಗದಿ ಮೊತ್ತ ಕೊಡುತ್ತಾರೆ, 2025–26ರಲ್ಲಿ 59.75 ಪೌಂಡ್. ನನಗೆ ಅವರದೇ ಸರಿ ಅನ್ನಿಸುತ್ತದೆ.

ಮೂರನೆಯದು ವಾರ್ಮ್ ಹೋಮ್ ಡಿಸ್ಕೌಂಟ್, 150 ಪೌಂಡ್. ಇದು ಕೈಗೆ ಬರುವುದಿಲ್ಲ, ಕರೆಂಟ್ ಬಿಲ್‌ನಲ್ಲಿ ಕಳೆಯುತ್ತಾರೆ. ಬಿಲ್ ನಿಮ್ಮ ಹೆಸರಲ್ಲೋ ಗಂಡ ಅಥವಾ ಹೆಂಡತಿಯ ಹೆಸರಲ್ಲೋ ಇರಬೇಕು. ಅಪ್ಪ ಅಮ್ಮ ಮಗನ ಮನೆಯಲ್ಲಿದ್ದು ಬಿಲ್ ಮಗನ ಹೆಸರಲ್ಲಿದ್ದರೆ ಅವರ ಲೆಕ್ಕದಲ್ಲಿ ಇದು ಸಿಗುವುದಿಲ್ಲ. ಉತ್ತರ ಐರ್ಲೆಂಡಿನಲ್ಲಿ ಈ ಯೋಜನೆಯೇ ಇಲ್ಲ.

ಈಗ ಗಮನಿಸಿ. ಎರಡನೆಯದೂ ಮೂರನೆಯದೂ ಎಲ್ಲ ಹಿರಿಯರಿಗೂ ಬರುವುದಿಲ್ಲ. ಕಡಿಮೆ ಆದಾಯದ ಭತ್ಯೆ ಪಡೆಯುವವರಿಗೆ ಮಾತ್ರ. ಹಿರಿಯರ ಮಟ್ಟಿಗೆ ಆ ಭತ್ಯೆಯ ಹೆಸರು ಪೆನ್ಷನ್ ಕ್ರೆಡಿಟ್.

ಮೂರು ಪೌಂಡ್ ಜಾಸ್ತಿಯ ಕಥೆ

ಪೆನ್ಷನ್ ಕ್ರೆಡಿಟ್ ಅಂದರೆ ಸರಳ. ಪೆನ್ಷನ್ ವಯಸ್ಸಾದ, ಅಂದರೆ 2025–26ರಲ್ಲಿ 66 ತುಂಬಿದ ಒಬ್ಬರ ಆದಾಯ ವಾರಕ್ಕೆ 227.10 ಪೌಂಡ್‌ಗಿಂತ ಕಡಿಮೆ ಇದ್ದರೆ ಅಲ್ಲಿಯವರೆಗೆ ಸರ್ಕಾರ ತುಂಬಿಕೊಡುತ್ತದೆ. ದಂಪತಿಗೆ ಈ ಗೆರೆ 346.60. ಇದು ಸಿಕ್ಕರೆ ಅದರ ಹಿಂದೆಯೇ ವಾರ್ಮ್ ಹೋಮ್ ಡಿಸ್ಕೌಂಟ್, ಕೋಲ್ಡ್ ವೆದರ್ ಪೇಮೆಂಟ್ ಬರುತ್ತವೆ. ಕೌನ್ಸಿಲ್ ಟ್ಯಾಕ್ಸ್ (ಮನೆ ತೆರಿಗೆ) ಮತ್ತು ಬಾಡಿಗೆಗೆ ನೆರವು ಸಿಗಬಹುದು. 75 ಆಗಿದ್ದರೆ ಟಿವಿ ಲೈಸೆನ್ಸ್ ಪುಕ್ಕಟೆ. ಆದರೂ ಸರ್ಕಾರದ ಅಂದಾಜಿನಲ್ಲೇ ಅರ್ಹರಲ್ಲಿ ಸುಮಾರು ಮೂರನೇ ಒಂದು ಪಾಲು ಜನ ಇದಕ್ಕೆ ಅರ್ಜಿಯೇ ಹಾಕಿಲ್ಲ. ಒಂದಷ್ಟು ಜನಕ್ಕೆ ಸಂಕೋಚ, ಇನ್ನೊಂದಷ್ಟು ಜನಕ್ಕೆ ಗೊತ್ತೇ ಇಲ್ಲ. ನಮ್ಮವರಲ್ಲಿ ಮೂರನೇ ಕಾರಣವೂ ಇದೆ: "ಮಗ ಚೆನ್ನಾಗಿ ದುಡೀತಾನೆ, ನಮಗೆಲ್ಲಿ ಕೊಡ್ತಾರೆ?" ಮಗನ ಸಂಬಳ ಅವರು ಕೇಳುವುದೇ ಇಲ್ಲ. ನಿಮ್ಮ ಮತ್ತು ನಿಮ್ಮ ಸಂಗಾತಿಯ ಆದಾಯ ಮಾತ್ರ ಲೆಕ್ಕ. ದಂಪತಿಯಾದರೆ ಸಾಮಾನ್ಯವಾಗಿ ಇಬ್ಬರಿಗೂ ಪೆನ್ಷನ್ ವಯಸ್ಸಾಗಿರಬೇಕು, ಅಷ್ಟೇ.

ನಮ್ಮ ಅಮ್ಮ 2024ರಲ್ಲಿ ಅರ್ಜಿ ಹಾಕಿದ್ದರು. "ನಿಮ್ಮ ಆದಾಯ ಮಿತಿಗಿಂತ ಜಾಸ್ತಿ" ಅಂತ ಕಂದು ಲಕೋಟೆ ಬಂತು. ಹಾಗಾಗಿ ಆ ಚಳಿಗಾಲ ವಿಂಟರ್ ಫ್ಯೂಯೆಲ್ ಹಣವೂ ಹೋಯಿತು. ಎಷ್ಟು ಜಾಸ್ತಿ ಗೊತ್ತಾ? 2025–26ರ ದರದಲ್ಲೇ ನೋಡಿ. ಪೂರ್ತಿ ಹೊಸ ಸರ್ಕಾರಿ ಪೆನ್ಷನ್ ವಾರಕ್ಕೆ 230.25. ಗೆರೆ 227.10. ಬರೀ ಸರ್ಕಾರಿ ಪೆನ್ಷನ್ ಒಂದೇ ಇದ್ದರೂ ಮೂರು ಪೌಂಡ್ ಚಿಲ್ಲರೆಯಿಂದ ಆಚೆ! ಅಮ್ಮನಿಗೆ ಫ್ಯಾಕ್ಟರಿಯಿಂದ ಒಂಬತ್ತು ಮುಕ್ಕಾಲು ಪೌಂಡ್ ಬೇರೆ ಬರುತ್ತದೆ. ಒಟ್ಟು 240. ಆ ಕಾಗದವನ್ನು ಮಡಿಸಿ ಪಂಚಾಂಗದ ಒಳಗಿಟ್ಟು ಸುಮ್ಮನಾಗಿದ್ದರು.

ಹೆಚ್ಚಿನವರು ನಿಲ್ಲುವುದು ಇಲ್ಲೇ. ಆದರೆ ಆ 227.10ರ ಗೆರೆ ಎಲ್ಲರಿಗೂ ಒಂದೇ ಅಲ್ಲ. ಅದನ್ನು ಮೇಲೆತ್ತುವ ದಾರಿಯೊಂದಿದೆ, ಅಟೆಂಡೆನ್ಸ್ ಅಲೋವೆನ್ಸ್.

ಇದು ಪೆನ್ಷನ್ ವಯಸ್ಸಾದ ಮೇಲೆ, ಕಾಯಿಲೆಯಿಂದಲೋ ಅಂಗದ ತೊಂದರೆಯಿಂದಲೋ ಇನ್ನೊಬ್ಬರ ಸಹಾಯ ಬೇಕಾದವರಿಗೆ. ಆದಾಯ ನೋಡುವುದಿಲ್ಲ, ಬ್ಯಾಂಕಿನಲ್ಲಿ ಎಷ್ಟಿದೆ ಅಂತಲೂ ಕೇಳುವುದಿಲ್ಲ. ಹಗಲು ಅಥವಾ ರಾತ್ರಿ, ಎರಡರಲ್ಲಿ ಒಂದು ಹೊತ್ತು ಸಹಾಯ ಬೇಕಿದ್ದರೆ ವಾರಕ್ಕೆ 73.90. ಎರಡೂ ಹೊತ್ತು ಬೇಕಿದ್ದರೆ 110.40. ತೊಂದರೆ ಶುರುವಾಗಿ ಆರು ತಿಂಗಳಾಗಿರಬೇಕು.

ಇದು ಬಂದರೆ, ಒಬ್ಬರೇ ವಾಸವಿದ್ದರೆ, ಮತ್ತು ನಿಮ್ಮನ್ನು ನೋಡಿಕೊಳ್ಳುವುದಕ್ಕೆ ಅಂತ ಯಾರೂ ಕೇರರ್ಸ್ ಅಲೋವೆನ್ಸ್ ತಗೊಳ್ಳದಿದ್ದರೆ, ಪೆನ್ಷನ್ ಕ್ರೆಡಿಟ್‌ನ ಗೆರೆಗೆ 82.90 ಸೇರುತ್ತದೆ. 227.10 ಜೊತೆಗೆ 82.90, ಒಟ್ಟು 310. ಅಮ್ಮನ ಆದಾಯ 240. ಅಟೆಂಡೆನ್ಸ್ ಅಲೋವೆನ್ಸ್ ಆದಾಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಪೆನ್ಷನ್ ಕ್ರೆಡಿಟ್ ವಾರಕ್ಕೆ 70, ಅಲೋವೆನ್ಸ್ 73.90, ಒಟ್ಟು 143.90. ವರ್ಷಕ್ಕೆ 7,400 ಪೌಂಡ್ ದಾಟುತ್ತದೆ. ಸಾಧಾರಣ ಬಳಕೆಯ ಮನೆಯೊಂದರ ಗ್ಯಾಸ್ ಮತ್ತು ಕರೆಂಟ್ ಸೇರಿ ವರ್ಷದ ಬಿಲ್ 2026ರ ಜನವರಿ–ಮಾರ್ಚ್‌ನ ಮಿತಿ ದರದಲ್ಲಿ 1,758 ಪೌಂಡ್ ಅಂತ ಇಂಧನ ದರ ನಿಯಂತ್ರಿಸುವ ಸಂಸ್ಥೆ ಆಫ್‌ಜೆಮ್ ಹೇಳುತ್ತದೆ. ಎಲ್ಲಿಯ 200, ಎಲ್ಲಿಯ 7,400!

ಮಗ ಸೊಸೆ ಜೊತೆಯಲ್ಲಿದ್ದರೆ ಈ 82.90 ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಅಟೆಂಡೆನ್ಸ್ ಅಲೋವೆನ್ಸ್ ಸಿಗುತ್ತದೆ. ಅದನ್ನು ಬಿಡಬೇಡಿ. ಇನ್ನು 2016ರ ಏಪ್ರಿಲ್ 6ಕ್ಕೆ ಮೊದಲೇ ಪೆನ್ಷನ್ ವಯಸ್ಸಾದವರಿಗೆ ಸೇವಿಂಗ್ಸ್ ಕ್ರೆಡಿಟ್ ಅನ್ನುವ ಇನ್ನೊಂದು ಭಾಗ ಇದೆ. ಆದಾಯ ಗೆರೆಗಿಂತ ಸ್ವಲ್ಪ ಮೇಲಿದ್ದರೂ ಅವರು ಒಮ್ಮೆ ಕೇಳಿ ನೋಡಬೇಕು.

"ನಂಗೇನೂ ತೊಂದ್ರೆ ಇಲ್ಲ"

ಅಟೆಂಡೆನ್ಸ್ ಅಲೋವೆನ್ಸ್ ಫಾರಂ ದಪ್ಪ. ಫೋನ್ ಮಾಡಿ ತರಿಸಿಕೊಳ್ಳುವುದು ಒಳ್ಳೆಯದು, ನಂಬರ್ 0800 731 0122. ಕಾರಣ ಇದೆ: ಫಾರಂ ಮೇಲೆ ತಾರೀಖಿನ ಮುದ್ರೆ ಹಾಕಿ ಕಳಿಸುತ್ತಾರೆ. ಆರು ವಾರದೊಳಗೆ ತುಂಬಿ ಕಳಿಸಿದರೆ, ಮಂಜೂರಾದಾಗ ಫೋನ್ ಮಾಡಿದ ದಿನದಿಂದಲೇ ಹಣ ಲೆಕ್ಕ ಹಾಕುತ್ತಾರೆ.

ಫಾರಂ ಬಂತು. ಅಮ್ಮ ನನಗೆ ಹೇಳದೆ ತಾವೇ ಅರ್ಧ ತುಂಬಿಟ್ಟಿದ್ದರು. ಸ್ನಾನ ಮಾಡಲು ತೊಂದರೆ ಇದೆಯೇ? ಇಲ್ಲ. ಬಟ್ಟೆ ಹಾಕಿಕೊಳ್ಳಲು? ಇಲ್ಲ. ನಡೆದಾಡಲು? ಸ್ವಲ್ಪ ನಿಧಾನ. ಹೀಗೇ ಕಳಿಸಿದ್ದರೆ ಆಗುವುದಿಲ್ಲ ಅಂತ ಉತ್ತರ ಬರುತ್ತಿತ್ತು. ನಮ್ಮ ಹಿರಿಯರ ಬಾಯಿಂದ "ಕಷ್ಟ" ಅನ್ನುವ ಪದ ಹೊರಡಿಸುವುದೇ ಕಷ್ಟ, ಅಲ್ವಾ?

ಒಂದು ಭಾನುವಾರ ಬೆಳಗ್ಗೆಯಿಂದ ಜೊತೆಗೆ ಕೂತೆವು, ನಾನು ಮತ್ತು ನನ್ನ ಹೆಂಡತಿ. ಕೇಳುತ್ತಾ ಹೋದಾಗ ಒಂದೊಂದೇ ಹೊರಗೆ ಬಂತು. ರವಿಕೆಯ ಹುಕ್ಕು ಹಾಕಲು ಇಪ್ಪತ್ತು ನಿಮಿಷ, ಬೆರಳು ಮಡಚುವುದಿಲ್ಲ. ಟಬ್‌ಗೆ ಕಾಲೆತ್ತಿ ಇಡಲಾಗದೆ ಬಕೆಟ್‌ನಲ್ಲಿ ನೀರು ಹಿಡಿದು ನಿಂತೇ ಮೈ ಒರೆಸಿಕೊಳ್ಳುತ್ತಾರೆ. ಅನ್ನ ಬಸಿಯುವುದು ಬಿಟ್ಟು ಎರಡು ವರ್ಷ, ಪಾತ್ರೆ ಕೈಯಲ್ಲಿ ನಿಲ್ಲುವುದಿಲ್ಲ. ಕುರ್ಚಿಯಿಂದ ಏಳಲು ಸಿಂಕ್‌ನ ಅಂಚು ಹಿಡಿಯಬೇಕು, ಅಡುಗೆಮನೆಯಲ್ಲೇ ಕೂರುವುದಕ್ಕೆ ಅದೂ ಒಂದು ಕಾರಣವಂತೆ. ಎರಡು ಸಲ ಬಿದ್ದಿದ್ದಾರೆ, ಯಾರಿಗೂ ಹೇಳಿಲ್ಲ. ಇಷ್ಟೂ ಆದ ಮೇಲೆ "ಆದ್ರೆ ತೊಂದ್ರೆ ಏನಿಲ್ಲ, ಹೇಗೋ ಆಗುತ್ತೆ" ಅಂದರು.

ಆ "ಹೇಗೋ" ಹೇಗೆ ಅನ್ನುವುದನ್ನೇ ಫಾರಂನಲ್ಲಿ ಬರೆಯಬೇಕು. ಯಾರಾದರೂ ಸಹಾಯ ಮಾಡುತ್ತಿದ್ದಾರಾ ಅನ್ನುವುದು ಮುಖ್ಯ ಅಲ್ಲ. ಸಹಾಯ ಬೇಕಾ ಅನ್ನುವುದು ಮುಖ್ಯ. ಯಾರೂ ಇಲ್ಲದೆ ಒಬ್ಬರೇ ಒದ್ದಾಡುತ್ತಿದ್ದರೂ ಅದು ಬೇಕು ಎಂದೇ ಲೆಕ್ಕ. ಎಷ್ಟು ನಿಮಿಷ, ದಿನಕ್ಕೆ ಎಷ್ಟು ಸಲ, ಏನು ಹಿಡಿದುಕೊಂಡು, ಯಾವುದನ್ನು ಮಾಡುವುದೇ ಬಿಟ್ಟಿದ್ದಾರೆ, ಹೀಗೆ ಬಿಡಿಸಿ ಬರೆಯಿರಿ. ಒಳ್ಳೆಯ ದಿನದ ಕಥೆ ಮಾತ್ರ ಬರೆಯಬೇಡಿ. ಸೇವಾ ಸಂಸ್ಥೆಗಳಾದ ಏಜ್ ಯುಕೆ ಮತ್ತು ಸಿಟಿಜನ್ಸ್ ಅಡ್ವೈಸ್‌ನವರು ದುಡ್ಡಿಲ್ಲದೆ ದಾರಿ ತೋರಿಸುತ್ತಾರೆ, ಹಲವು ಕಡೆ ಕೂತು ತುಂಬಿಸಿಯೂ ಕೊಡುತ್ತಾರೆ. ಏಜ್ ಯುಕೆ ಸಲಹಾ ನಂಬರ್ 0800 678 1602. ಇಂಗ್ಲಿಷ್ ಕಷ್ಟವಾದರೆ ಸರ್ಕಾರಿ ಕಚೇರಿಗೆ ಫೋನ್ ಮಾಡುವಾಗ ದುಭಾಷಿ ಬೇಕು ಅಂತ ಕೇಳಬಹುದು.

ಅಮ್ಮನಿಗೆ ಕಡಿಮೆ ದರದ್ದು ಮಂಜೂರಾಯಿತು. ಆ ಕಾಗದ ಬಂದ ದಿನವೇ ಪೆನ್ಷನ್ ಕ್ರೆಡಿಟ್‌ಗೆ ಮತ್ತೆ ಫೋನ್ ಮಾಡಿದೆವು, 0800 99 1234. ಇದು ತಾನಾಗಿ ಆಗುವುದಿಲ್ಲ, ಕೇಳಲೇಬೇಕು. ಹಿಂದಿನ ಮೂರು ತಿಂಗಳವರೆಗಿನದನ್ನೂ ಕೇಳಬಹುದು.

ಊರಿನ ಸೈಟು, ವೀಸಾ

ನಮ್ಮವರು ಮರೆಯುವ ವಿಷಯ ಒಂದಿದೆ. ಪೆನ್ಷನ್ ಕ್ರೆಡಿಟ್‌ಗೆ ಇಲ್ಲಿನ ಉಳಿತಾಯ ಮಾತ್ರವಲ್ಲ, ಊರಲ್ಲಿರುವುದೂ ಲೆಕ್ಕ. 10,000 ಪೌಂಡ್‌ವರೆಗೆ ನೋಡುವುದಿಲ್ಲ. ಅದರ ಮೇಲಿನ ಪ್ರತಿ 500 ಪೌಂಡ್‌ಗೆ ವಾರಕ್ಕೆ ಒಂದು ಪೌಂಡ್ ಆದಾಯ ಇದೆ ಎಂದು ಹಿಡಿಯುತ್ತಾರೆ. ಮೈಸೂರಲ್ಲಿ ಅವರ ಲೆಕ್ಕಕ್ಕೆ 40,000 ಪೌಂಡ್ ಎಂದು ಹಿಡಿದ ಸೈಟು ಇದ್ದು ಬೇರೆ ಉಳಿತಾಯ ಇಲ್ಲದಿದ್ದರೆ ವಾರಕ್ಕೆ 60 ಪೌಂಡ್ ಆದಾಯ ಎಂದಾಯಿತು. ಆ ಸೈಟಿನಲ್ಲಿ ಬರೀ ಪಾರ್ಥೇನಿಯಂ ಬೆಳೆದಿದ್ದರೂ ಸರಿ! ಊರಿನ ಪೆನ್ಷನ್, ಬಾಡಿಗೆ ಎಲ್ಲವನ್ನೂ ಹೇಳಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಹಣ ವಾಪಸ್ ಕೊಡುವುದರ ಜೊತೆಗೆ ದಂಡವೂ ಬೀಳಬಹುದು.

ವೀಸಾ ವಿಷಯ ಇನ್ನೂ ಸೂಕ್ಷ್ಮ. ಮಕ್ಕಳನ್ನು ನೋಡಲು ವಿಸಿಟ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಇದ್ಯಾವುದೂ ಇಲ್ಲ. ವೀಸಾದಲ್ಲಿ "ಪಬ್ಲಿಕ್ ಫಂಡ್ಸ್ ಇಲ್ಲ" (ಅಂದರೆ ಸರ್ಕಾರಿ ಭತ್ಯೆ ಪಡೆಯುವಂತಿಲ್ಲ) ಅಂತ ಇದ್ದವರು ಪೆನ್ಷನ್ ಕ್ರೆಡಿಟ್‌ಗೋ ಅಟೆಂಡೆನ್ಸ್ ಅಲೋವೆನ್ಸ್‌ಗೋ ಕೈ ಹಾಕಬಾರದು, ವೀಸಾಗೇ ಕುತ್ತು. ವಯಸ್ಸಾದ ತಂದೆ ತಾಯಿಯನ್ನು ಮಕ್ಕಳು "ನಾವೇ ನೋಡಿಕೊಳ್ಳುತ್ತೇವೆ" ಎಂದು ಬರೆದುಕೊಟ್ಟು ಶಾಶ್ವತವಾಗಿ ಕರೆಸಿಕೊಂಡಿದ್ದರೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಅನುಮಾನ ಇದ್ದರೆ ಅರ್ಜಿಗೆ ಮುಂಚೆ ವಲಸೆ ಸಲಹೆಗಾರರನ್ನು ಕೇಳಿ.

ಬಿಲ್ ಆಗಲೇ ಬಾಕಿ ಬಿದ್ದಿದ್ದರೆ

ಭತ್ಯೆ ಬರಲು ವಾರಗಳು ಹಿಡಿಯುತ್ತವೆ, ಚಳಿ ಕಾಯುವುದಿಲ್ಲ. ಮೊದಲು ಗ್ಯಾಸ್ ಅಥವಾ ಕರೆಂಟ್ ಕಂಪನಿಗೆ ಫೋನ್ ಮಾಡಿ, ಕಟ್ಟಲಾಗುತ್ತಿಲ್ಲ ಅಂತ ಹೇಳಿ. ಕಂತು ಮಾಡಿಕೊಡುವುದು ಅವರ ಕರ್ತವ್ಯ. ಒಬ್ಬರೇ ಇರುವ, ಅಥವಾ ಬೇರೆ ಪೆನ್ಷನ್‌ದಾರರ ಜೊತೆ ಮಾತ್ರ ಇರುವ ಹಿರಿಯರ ಸಂಪರ್ಕವನ್ನು ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಕಡಿಯುವಂತಿಲ್ಲ. ಪ್ರಯಾರಿಟಿ ಸರ್ವೀಸಸ್ ರಿಜಿಸ್ಟರ್‌ಗೆ, ಅಂದರೆ ವಿಶೇಷ ಗಮನ ಬೇಕಾದ ಗ್ರಾಹಕರ ಪಟ್ಟಿಗೆ, ಹೆಸರು ಸೇರಿಸಲು ಅದೇ ಫೋನ್‌ನಲ್ಲಿ ಹೇಳಿ. ಅದಕ್ಕೆ ದುಡ್ಡಿಲ್ಲ, ಪೆನ್ಷನ್ ವಯಸ್ಸಾಗಿದ್ದರೆ ಸಾಕು. ಕರೆಂಟ್ ಹೋಗುವುದಿದ್ದರೆ ಮೊದಲೇ ತಿಳಿಸುತ್ತಾರೆ. ಸ್ಥಳೀಯ ಕೌನ್ಸಿಲ್‌ನಲ್ಲೂ ತುರ್ತು ನೆರವಿನ ಹಣ ಇರುತ್ತದೆ, ಹೆಸರು ಮತ್ತು ನಿಯಮ ಊರಿಂದ ಊರಿಗೆ ಬೇರೆ.

ಇನ್ನೊಂದು ಮಾತು. ಒಂದೇ ಕೋಣೆಯಲ್ಲಿ ಕೂತು ಕರೆಂಟ್ ಹೀಟರ್ ಹಚ್ಚಿದರೆ ಉಳಿತಾಯ ಅಂತ ತುಂಬ ಜನ ನಂಬಿದ್ದಾರೆ. 2026ರ ಜನವರಿ–ಮಾರ್ಚ್‌ನ ದರದಲ್ಲಿ ಗ್ಯಾಸ್ ಯೂನಿಟ್‌ಗೆ ಸುಮಾರು 6 ಪೆನ್ಸ್, ಕರೆಂಟ್ ಸುಮಾರು 28. ಎರಡು ಕಿಲೋವ್ಯಾಟ್ ಹೀಟರ್ ಐದು ಗಂಟೆ ಉರಿದರೆ 2 ಪೌಂಡ್ 80 ಪೆನ್ಸ್. ಅಷ್ಟೇ ಶಾಖ ಗ್ಯಾಸ್ ಬಾಯ್ಲರ್‌ನಿಂದ ಎಪ್ಪತ್ತು ಪೆನ್ಸ್ ಆಸುಪಾಸಿಗೆ ಬರುತ್ತದೆ. ಬೇಡದ ಕೋಣೆಗಳ ರೇಡಿಯೇಟರ್ ತಿರುಪು ಕಡಿಮೆ ಮಾಡಿ, ಕೂರುವ ಕೋಣೆಯದ್ದು ಬಿಟ್ಟರೆ ಸಾಕು. ರಾತ್ರಿಗೆ ಎಲೆಕ್ಟ್ರಿಕ್ ಕಂಬಳಿ ಒಳ್ಳೆಯದು, ರಾತ್ರಿಯಿಡೀ ಹಾಕಿದರೂ ಚಿಲ್ಲರೆ ಕಾಸು.

ಈ ಡಿಸೆಂಬರ್‌ನಲ್ಲಿ ಅಮ್ಮ ಓವರ್‌ಕೋಟ್ ಇಲ್ಲದೆ ಹಾಲ್‌ನಲ್ಲಿ ಕೂತಿದ್ದರು. ಕಾಫಿ ಕೊಟ್ಟು, ತಂಗಿಯ ಮೊಮ್ಮಗಳ ಮದುವೆಗೆ ಜನವರಿಯಲ್ಲಿ ಬೆಂಗಳೂರಿಗೆ ಹೋಗಿ ಎರಡು ತಿಂಗಳು ಇದ್ದು ಬರುತ್ತೇನೆ ಅಂದರು. ನಾನು ತಲೆ ಕೆರೆದುಕೊಂಡೆ. ಅಟೆಂಡೆನ್ಸ್ ಅಲೋವೆನ್ಸ್ 13 ವಾರದವರೆಗೆ ನಡೆಯುತ್ತದೆ. ಪೆನ್ಷನ್ ಕ್ರೆಡಿಟ್ ಹಾಗಲ್ಲ. ನಾಲ್ಕು ವಾರಕ್ಕಿಂತ ಜಾಸ್ತಿ ಹೊರದೇಶದಲ್ಲಿ ಇರುವ ಉದ್ದೇಶ ಇದ್ದರೆ ಹೊರಟ ದಿನದಿಂದಲೇ ನಿಲ್ಲುತ್ತದೆ. ಹತ್ತಿರದವರ ಸಾವು, ಚಿಕಿತ್ಸೆ ಇಂಥವಕ್ಕೆ ಮಾತ್ರ ವಿನಾಯಿತಿ. ಮದುವೆಗೆ ಇಲ್ಲ. ಎಷ್ಟೇ ದಿನ ಹೋದರೂ ಮೊದಲು ಫೋನ್ ಮಾಡಿ ತಿಳಿಸಬೇಕು.

ಅಮ್ಮ ಕ್ಯಾಲೆಂಡರ್ ಇಳಿಸಿ ಬೆರಳಲ್ಲಿ ಎಣಿಸಿದರು. ಮದುವೆ, ಬೀಗರ ಔತಣ, ನಂಜನಗೂಡು, ಮತ್ತೆ ನಾಲ್ಕು ದಿನ ತಂಗಿ ಮನೆ. "ಇಪ್ಪತ್ತಾರು ದಿನ ಆಯ್ತು. ಸಾಕು ಬಿಡು, ಅಲ್ಲೂ ಈಗ ಫ್ಯಾನ್ ಹಾಕೋಷ್ಟು ಸೆಕೆಯಂತೆ" ಅಂದರು. ಟಿಕೆಟ್ ಅವತ್ತೇ ಬುಕ್ ಮಾಡಿದೆವು.